ಮಕ್ಕಳ ಆಟ ಮತ್ತು ನಮ್ಮ ಹೊಣೆ

(ಶ್ರೀಮಠದ ಪ್ರಾಥಮಿಕ ಶಾಲೆಯ ವಾರ್ಷಿಕ ಕ್ರೀಡೋತ್ಸವದ ಸಾಯಂಕಾಲ ಪರಮಪೂಜ್ಯ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಬೆಳಿಗ್ಗೆ ಎಂಟು ಗಂಟೆಯಿಂದ ಈ ಬಯಲಿನಲ್ಲಿ ನಡೆದ ಆಟೋಟಗಳನ್ನು ನಾವೂ ಕುಳಿತು ನೋಡಿದೆವು. ಗೆದ್ದ ಮಕ್ಕಳಿಗೆ ಬಹುಮಾನ ಕೊಟ್ಟದ್ದಾಯಿತು, ಅತಿಥಿಗಳಿಗೆ ಶಾಲು ಹೊದಿಸಿದ್ದಾಯಿತು. ಸಂತೋಷ. ಆದರೆ ನೋಡುತ್ತ ನೋಡುತ್ತ ನಮ್ಮ ಮನಸ್ಸಿನಲ್ಲಿ ಒಂದು ಲೆಕ್ಕ ನಡೆದಿತ್ತು. ನೂರು ಮೀಟರಿನ ಓಟಕ್ಕೆ ಗೆರೆಯ ಮೇಲೆ ನಿಂತವರು ಎಂಟು ಮಕ್ಕಳು. ಅವರು ಓಡಿ ಮುಗಿಸಲು ಕಾಲು ನಿಮಿಷವೂ ಬಹಳವಾಗಲಿಲ್ಲ. ಮಿಕ್ಕ ಮುನ್ನೂರು ಮಕ್ಕಳು ಬಿಸಿಲಿನಲ್ಲಿ ಸಾಲಾಗಿ ಕುಳಿತು ಚಪ್ಪಾಳೆ ತಟ್ಟಿದರು. ಉದ್ದಜಿಗಿತದಲ್ಲಿಯೂ ಅವೇ ಎಂಟು ಮಕ್ಕಳು, ರಿಲೇ ಓಟದಲ್ಲಿಯೂ ಅವರೇ. ಕ್ರೀಡೋತ್ಸವವೆಂದು ಹೆಸರಿಟ್ಟು ಮುನ್ನೂರು ಮಕ್ಕಳನ್ನು ಇಡೀ ದಿನ ಕೂರಿಸಿದೆವಲ್ಲ, ಇದು ಯಾವ ನ್ಯಾಯ ಎಂದು ನಮಗೆ ನಾವೇ ಕೇಳಿಕೊಂಡೆವು. ಪ್ರಸಾದದ ಪಂಕ್ತಿಯಲ್ಲಿ ಎಂಟು ಜನರಿಗೆ ಬಡಿಸಿ, ಉಳಿದವರು ಅವರು ಉಣ್ಣುವುದನ್ನು ನೋಡಿ ಸಂತೋಷಪಡಲಿ ಎಂದು ಶ್ರೀಮಠದಲ್ಲಿ ಎಂದಾದರೂ ಹೇಳಿದ್ದುಂಟೇ?

ಇದು ಶಿಕ್ಷಕರ ಮೇಲೆ ಹೊರಿಸುವ ತಪ್ಪಲ್ಲ. ಶಾಲೆ ಶ್ರೀಮಠದ್ದು, ಆದುದರಿಂದ ತಪ್ಪು ಮೊದಲು ನಮ್ಮದು. ನಿಮ್ಮೆಲ್ಲರೆದುರು ಅದನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಹೊತ್ತು ಸ್ವಲ್ಪ ದೀರ್ಘವಾಗಿ ಮಾತನಾಡಬೇಕೆಂದಿದ್ದೇವೆ. ಮಕ್ಕಳು ಬೇಸರಪಡಬಾರದು. ಮಾತು ಮುಗಿದ ಮೇಲೆ ನಿಮಗೊಂದು ಕೆಲಸವಿದೆ.

ಕೆಲವು ತಿಂಗಳ ಹಿಂದೆ ಒಬ್ಬ ಪಂಡಿತರು ಶ್ರೀಮಠಕ್ಕೆ ಬಂದಿದ್ದರು. ಶಾಲೆಯ ಮಕ್ಕಳು ಕುಣಿದಾಡುವುದನ್ನು ಕಂಡು, "ಬುದ್ಧಿ, ಬಾಲಕರಿಗೆ ವ್ಯಾಯಾಮವನ್ನು ವಾಗ್ಭಟಾಚಾರ್ಯರೇ ನಿಷೇಧಿಸಿದ್ದಾರಲ್ಲ" ಎಂದರು. ಅವರ ಮಾತು ಸುಳ್ಳಲ್ಲ. ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ದಿನಚರ್ಯೆಯನ್ನು ಹೇಳುವ ಎರಡನೆಯ ಅಧ್ಯಾಯವಿದೆ. ವ್ಯಾಯಾಮದಿಂದ ದೇಹ ಹಗುರವಾಗುತ್ತದೆ, ಕೆಲಸ ಮಾಡುವ ಶಕ್ತಿ ಬರುತ್ತದೆ, ಜಠರಾಗ್ನಿ ಚುರುಕಾಗುತ್ತದೆ, ಮೇದಸ್ಸು ಕರಗುತ್ತದೆ ಎಂದು ಅಲ್ಲಿ ಹೊಗಳಿ, ಕೂಡಲೇ ಯಾರು ಅದನ್ನು ಮಾಡಬಾರದೆಂಬ ಪಟ್ಟಿಯನ್ನೂ ಆಚಾರ್ಯರು ಕೊಡುತ್ತಾರೆ. ವಾತಪಿತ್ತದ ರೋಗಿ, ಮುದುಕ, ಅಜೀರ್ಣವುಳ್ಳವನು. ಇವರ ಜೊತೆಗೆ ಬಾಲಕನೂ ಆ ಪಟ್ಟಿಯಲ್ಲಿದ್ದಾನೆ. ನಾವೂ ಚಿಕ್ಕಂದಿನಲ್ಲಿ ಅದನ್ನು ಬಾಯಿಪಾಠ ಮಾಡಿದವರೇ. ಪಂಡಿತರು ಹೇಳಿದಾಗ ಒಂದು ಕ್ಷಣ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಪೂಜೆ ಮುಗಿಸಿ ಮತ್ತೆ ಗ್ರಂಥಗಳನ್ನು ತೆಗೆದು ಕುಳಿತೆವು.

ವ್ಯಾಯಾಮವೆಂದರೇನು? ಶರೀರಕ್ಕೆ ಆಯಾಸವನ್ನು ಹುಟ್ಟಿಸುವ ಕರ್ಮವೇ ವ್ಯಾಯಾಮ ಎಂಬುದು ಆಯುರ್ವೇದದ ಲಕ್ಷಣ. ವಾಗ್ಭಟರು ಅದನ್ನು ವಿಧಿಸಿದ್ದು ಬಲಿಷ್ಠರಿಗೆ, ತುಪ್ಪ ಎಣ್ಣೆಗಳಿಂದ ಕೂಡಿದ ಆಹಾರ ಉಣ್ಣುವವರಿಗೆ, ಅದೂ ಚಳಿಗಾಲ ಮತ್ತು ವಸಂತಕಾಲದಲ್ಲಿ ವಿಶೇಷವಾಗಿ. ಗರಡಿಮನೆಯಲ್ಲಿ ದಂಡೆ ಹೊಡೆಯುವ, ಗದೆ ತಿರುಗಿಸುವ ತರುಣ ಅವರ ಕಣ್ಣೆದುರಿಗಿದ್ದಾನೆ. ಅಂಥ ಆಯಾಸವನ್ನು ಎಳೆಯ ಮಗುವಿನ ಮೇಲೆ ಹೊರಿಸಬೇಡಿ ಎಂಬುದೇ ಆ ನಿಷೇಧದ ತಾತ್ಪರ್ಯ. ಮಗುವನ್ನು ಕೂರಿಸಿ ಇಡಿ ಎಂದು ಯಾವ ಆಚಾರ್ಯರೂ ಹೇಳಿಲ್ಲ. ಏಕೆಂದರೆ ಮಗುವಿಗೆ ಅವರು ಇನ್ನೊಂದು ಶಬ್ದವನ್ನು ಕಾದಿರಿಸಿದ್ದಾರೆ. ಆ ಶಬ್ದ ಕ್ರೀಡೆ. ಕ್ರೀಡ್ ಎಂಬ ಧಾತುವಿಗೆ ವ್ಯಾಕರಣದಲ್ಲಿ ವಿಹಾರವೆಂದು ಅರ್ಥ. ಆಯಾಸಕ್ಕಾಗಿ ಮಾಡುವುದು ವ್ಯಾಯಾಮ, ಆನಂದಕ್ಕಾಗಿ ಮಾಡುವುದು ಕ್ರೀಡೆ. ಎರಡರಲ್ಲಿಯೂ ಮೈ ಬೆವರುತ್ತದೆ. ಆದರೆ ಕ್ರೀಡೆಯಲ್ಲಿ ಮಗುವಿಗೆ ತಾನು ಬೆವರಿದ್ದು ತಿಳಿಯುವುದಿಲ್ಲ, ಮನೆಗೆ ಹೋದಮೇಲೆ ತಾಯಿಗೆ ತಿಳಿಯುತ್ತದೆ.

ಆ ಕ್ರೀಡೆಯ ವಿಷಯದಲ್ಲಿ ನಮ್ಮ ಹಿಂದಿನವರು ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರು ಎಂಬುದನ್ನು ಓದಿ ನಮಗೇ ಆಶ್ಚರ್ಯವಾಯಿತು. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಮಗುವಿನ ಆಟಿಕೆ ಹೇಗಿರಬೇಕೆಂದು ಹೇಳಿದೆ. ಬಣ್ಣಬಣ್ಣವಾಗಿರಬೇಕು, ಸದ್ದು ಮಾಡುವಂತಿರಬೇಕು, ನೋಡಲು ಚೆಂದವಾಗಿರಬೇಕು, ಭಾರವಿರಬಾರದು, ಮೊನೆ ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಜೀವಕ್ಕೆ ಅಪಾಯ ತರುವಂಥದೂ ಹೆದರಿಸುವಂಥದೂ ಆಗಬಾರದು. ಇಂದು ಪೇಟೆಯ ಆಟಿಕೆಯ ಪೆಟ್ಟಿಗೆಯ ಮೇಲೆ ಅಚ್ಚು ಹಾಕುವ ಎಚ್ಚರಿಕೆಗಳು ಇವೇ ಅಲ್ಲವೇ? ಅಷ್ಟಾಂಗಸಂಗ್ರಹದ ಉತ್ತರಸ್ಥಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮಗು ಆಡುವ ನೆಲ, ಕ್ರೀಡಾಭೂಮಿ, ಸಮತಟ್ಟಾಗಿರಬೇಕು. ಅಲ್ಲಿ ಆಯುಧವಾಗಲಿ ಕಲ್ಲಾಗಲಿ ಹರಳಾಗಲಿ ಇರಕೂಡದು. ವಾಯುವಿಳಂಗ, ಮೆಣಸು ಮೊದಲಾದ ಔಷಧದ್ರವ್ಯಗಳ ನೀರನ್ನು, ಇಲ್ಲವೇ ಬೇವಿನ ನೀರನ್ನು ಅಲ್ಲಿ ಚಿಮುಕಿಸಬೇಕು ಎನ್ನುತ್ತದೆ. ಬೇವಿನ ನೀರು ಯಾತಕ್ಕೆಂದರೆ ಕ್ರಿಮಿಕೀಟಗಳು ಬಾರದಿರಲಿ ಎಂದು. ಮಗು ಆಡಲಿ ಎಂದು ನೆಲಕ್ಕೆ ಔಷಧ ಹಾಕಿದ ಜನ ನಮ್ಮ ಹಿರಿಯರು.

ಇದನ್ನು ಓದಿ ಪುಸ್ತಕ ಮುಚ್ಚಿದಾಗ ನಮ್ಮ ಕಣ್ಣೆದುರಿಗೆ ಈ ಬಯಲೇ ಬಂದಿತು. ಅಲ್ಲಿ ನೋಡಿರಿ, ಮೂಡಲ ದಿಕ್ಕಿಗೆ. ಆ ಜಲ್ಲಿಯ ಗುಡ್ಡೆ, ಅದರ ಪಕ್ಕಕ್ಕೆ ಮರಳು, ತುಕ್ಕು ಹಿಡಿದ ಕಬ್ಬಿಣದ ಸರಳುಗಳು. ಇದು ಯಾರದು? ಶ್ರೀಮಠದ್ದು. ಕಲ್ಯಾಣಮಂಟಪ ಕಟ್ಟಿಸಬೇಕೆಂದು ಭಕ್ತರು ಕೇಳಿಕೊಂಡರು, ಶಾಲೆಯ ಬಯಲಿನ ಅರ್ಧವನ್ನು ಅದಕ್ಕೆ ಕೊಡಲು ನಾವೇ ಒಪ್ಪಿದೆವು. ಸಾಮಗ್ರಿ ಬಂದು ಬಿದ್ದು ಎರಡು ವರ್ಷವಾಯಿತು. ಹಣ ಸಾಲದೆ ಕೆಲಸ ನಿಂತಿತು, ಸಾಮಗ್ರಿ ಅಲ್ಲಿಯೇ ಉಳಿಯಿತು. ಕಳೆದ ಮಳೆಗಾಲದಲ್ಲಿ ಮೂರನೆಯ ತರಗತಿಯ ಒಂದು ಹೆಣ್ಣುಮಗು ಮುಟ್ಟಾಟ ಆಡುತ್ತ ಆ ಜಲ್ಲಿಯ ಮೇಲೆ ಬಿದ್ದು ಮೊಣಕಾಲು ಸೀಳಿಕೊಂಡಿತು. ಹೊಲಿಗೆ ಹಾಕಿಸಬೇಕಾಯಿತು. ನಾವು ವಿಭೂತಿ ಕೊಟ್ಟು ಸಮಾಧಾನ ಹೇಳಿ ಕಳಿಸಿದೆವು. ಮರುದಿನದಿಂದ ಆ ಬಯಲಿಗೆ ಮಕ್ಕಳನ್ನು ಬಿಡಬಾರದೆಂದು ಶಾಲೆಯವರು ನಿಯಮ ಮಾಡಿದರು. ನಾವೂ 'ಸರಿ' ಎಂದೆವು. ನೋಡಿ ನಮ್ಮ ಬುದ್ಧಿ! ತೆಗೆಯಬೇಕಾಗಿದ್ದದ್ದು ಜಲ್ಲಿಯನ್ನು, ನಾವು ತೆಗೆದದ್ದು ಮಕ್ಕಳನ್ನು.

ನಮಗೆ ಈ ವಿಷಯ ಹೊಟ್ಟೆಯಲ್ಲಿ ಕುಟುಕುವುದಕ್ಕೆ ಇನ್ನೊಂದು ಕಾರಣವಿದೆ. ಅದನ್ನೂ ಹೇಳಿಬಿಡುತ್ತೇವೆ. ನಾವು ಒಂಬತ್ತನೆಯ ವಯಸ್ಸಿನಲ್ಲಿ ಸಂಸ್ಕೃತ ಪಾಠಶಾಲೆ ಸೇರಿದವರು. ಯಾವ ಪಾಠಶಾಲೆಯೆಂದು ಕೇಳಬೇಡಿ. ನಸುಕಿನ ನಾಲ್ಕು ಗಂಟೆಗೆ ಎದ್ದರೆ ಸ್ನಾನ, ಪೂಜೆ, ಆಮೇಲೆ ಮಧ್ಯಾಹ್ನದವರೆಗೆ ಒಂದೇ ಆಸನದಲ್ಲಿ ಕುಳಿತು ಶಬ್ದರೂಪ, ಧಾತುರೂಪ, ಅಮರಕೋಶ. ಮಧ್ಯಾಹ್ನ ಮತ್ತೆ ಅದೇ. ವಿದ್ಯೆಯ ಮಟ್ಟಿಗೆ ಆ ಗುರುಗಳ ಋಣ ಈ ಜನ್ಮದಲ್ಲಿ ತೀರುವಂಥದಲ್ಲ. ಆದರೆ ಆಟವೆಂದರೆ ಅಲ್ಲಿ ಅಪರಾಧ. ಪಾಠಶಾಲೆಯ ಹಿಂದೆ ಒಂದು ದೊಡ್ಡ ಆಲದ ಮರ, ಅದರ ಬಿಳಲು ನೆಲ ಮುಟ್ಟುತ್ತಿದ್ದುವು. ಊರ ಹುಡುಗರು ಅಲ್ಲಿ ಮರಕೋತಿ ಆಡುತ್ತಿದ್ದರು. ಒಂದು ದಿವಸ ಊಟದ ವೇಳೆಯಲ್ಲಿ ತಪ್ಪಿಸಿಕೊಂಡು ಹೋಗಿ ನಾವೂ ಬಿಳಲು ಹಿಡಿದು ಜೋಲಿ ಹೊಡೆದೆವು. ಆ ಅರ್ಧ ಗಳಿಗೆಯ ಸುಖ ಇಂದಿಗೂ ಅಂಗೈಯಲ್ಲಿದೆ. ಆಮೇಲೆ ಬಿದ್ದ ಏಟು ಮರೆತುಹೋಗಿದೆ. ಮತ್ತೆ ಆ ಮರದ ಕಡೆಗೆ ನಾವು ಹೋಗಲಿಲ್ಲ. ಹೀಗೆ ಕುಳಿತೇ ಬೆಳೆದೆವು, ಕುಳಿತೇ ಓದಿದೆವು, ಪೀಠಕ್ಕೆ ಬಂದಮೇಲಂತೂ ಕುಳಿತುಕೊಳ್ಳುವುದೇ ನಮ್ಮ ಉದ್ಯೋಗವಾಯಿತು. ನಾಲ್ವತ್ತಾರನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಎಂದು ವೈದ್ಯರು ಹೇಳಿದರು. ದಿನಕ್ಕೆ ಎಷ್ಟು ನಡೆಯುತ್ತೀರಿ ಬುದ್ಧಿ ಎಂದು ಕೇಳಿದರು. ಗದ್ದುಗೆಯಿಂದ ಪೂಜಾಮಂದಿರಕ್ಕೆ, ಅಲ್ಲಿಂದ ಕಾರಿಗೆ ಎಂದೆವು. ಅವರು ನಗಲಿಲ್ಲ. ಈಗ ದಿನವೂ ಬೆಳಿಗ್ಗೆ ತೋಟದ ದಾರಿಯಲ್ಲಿ ನಡೆಯುತ್ತೇವೆ. ನೀವೆಲ್ಲ ನೋಡಿದ್ದೀರಿ. ಐವತ್ತು ದಾಟಿದ ಮೇಲೆ ನಡೆಯಲು ಕಲಿಯುವುದು ಎಷ್ಟು ಕಷ್ಟವೆಂದು ನಮ್ಮ ಮೊಣಕಾಲನ್ನು ಕೇಳಬೇಕು!

ಮಹಾಕವಿ ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗವನ್ನು ನಾವು ಎಷ್ಟು ಸಲ ಪಾಠ ಹೇಳಿದ್ದೇವೋ ಲೆಕ್ಕವಿಲ್ಲ. ಪಾರ್ವತಿ ಉಗ್ರತಪಸ್ಸು ಮಾಡುತ್ತಿರುವಲ್ಲಿಗೆ ಶಿವನು ಬ್ರಹ್ಮಚಾರಿಯ ವೇಷದಲ್ಲಿ ಬರುತ್ತಾನೆ. ಬಂದವನು ಕುಶಲವನ್ನು ವಿಚಾರಿಸುತ್ತಾನೆ. ಸಮಿತ್ತು, ದರ್ಭೆ, ನೀರು ಸಿಗುತ್ತಿವೆಯೇ ಎಂದು ಕೇಳಿ, ನಿನ್ನ ಶಕ್ತಿಗೆ ತಕ್ಕಷ್ಟೇ ತಪಸ್ಸು ಮಾಡುತ್ತಿದ್ದೀ ತಾನೇ ಎಂದು ಕೇಳುತ್ತಾನೆ. ಧರ್ಮಸಾಧನೆಗೆ ಮೊದಲು ಬೇಕಾದದ್ದು ಶರೀರವಲ್ಲವೇ ಎಂಬ ಕಾರಣವನ್ನೂ ಹೇಳುತ್ತಾನೆ. ಆ ಮಾತನ್ನು ಶಾಲೆಯ ಗೋಡೆಗಳ ಮೇಲೆಲ್ಲ ಬರೆಸುತ್ತೇವೆ. ಆದರೆ ಅದನ್ನು ಹೇಳಿದವನು ಶಿವ, ಹೇಳಿಸಿಕೊಂಡವಳು ತಪಸ್ಸಿನಲ್ಲಿ ಮೈ ಮರೆತವಳು ಎಂಬುದನ್ನು ಮರೆಯುತ್ತೇವೆ. ಅಂಕಗಳ ತಪಸ್ಸಿಗೆ ಕೂರಿಸಿದ ನಮ್ಮ ಮಕ್ಕಳನ್ನು ಶಕ್ತಿಗೆ ತಕ್ಕಷ್ಟು ತಾನೇ ಎಂದು ವಿಚಾರಿಸುವವರು ಯಾರು?

ಇನ್ನು ಈ ಕಾಲದ ವೈದ್ಯರ ಮಾತಿಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂತೆ ಮೈ ಆಡಿಸಬೇಕು, ವಾರದಲ್ಲಿ 3 ದಿನವಾದರೂ ಮೂಳೆ ಮತ್ತು ಸ್ನಾಯುಗಳನ್ನು ಬಲಪಡಿಸುವ ಚಟುವಟಿಕೆ ಇರಬೇಕು ಎಂದಿದೆ. ಇದನ್ನು ಕೇಳಿ ಯಂತ್ರಸಾಮಗ್ರಿ ತರಿಸಬೇಕೇನೋ ಎಂದು ಹೆದರಬೇಕಾಗಿಲ್ಲ. ಮೂಳೆ ಬಲಿಯುವುದು ಅದರ ಮೇಲೆ ಭಾರ ಬಿದ್ದಾಗ, ಜಿಗಿದಾಗ. ಕುಂಟಾಬಿಲ್ಲೆಯಲ್ಲಿ ಒಂದೇ ಕಾಲಿನ ಮೇಲೆ ಮನೆಯಿಂದ ಮನೆಗೆ ಜಿಗಿಯುವ ಹೆಣ್ಣುಮಗು ಮಾಡುತ್ತಿರುವುದು ಅದನ್ನೇ. ಮರಕೋತಿಯಲ್ಲಿ ಕೊಂಬೆ ಹಿಡಿದು ಏರುವ ಹುಡುಗ ತೋಳು, ಭುಜ, ಬೆನ್ನು ಮೂರನ್ನೂ ಸಾಧಿಸುತ್ತಾನೆ. ಖೋಖೋ ಆಟದಲ್ಲಿ ಕುಳಿತವನು ಬೆನ್ನ ಮೇಲೆ ಕೈ ಬಿದ್ದೊಡನೆ ಪುಟಿದೆದ್ದು ಓಡುತ್ತಾನೆ. ಲಗೋರಿಯಲ್ಲಿ ಗುರಿ, ಓಟ, ಬಾಗುವುದು, ತಪ್ಪಿಸಿಕೊಳ್ಳುವುದು ಎಲ್ಲವೂ ಇದೆ. ಬೇಕಾದದ್ದು ಏಳು ಬಿಲ್ಲೆ, ಒಂದು ಚೆಂಡು. ದೇಹದ ಮೂಳೆಯ ಸಂಗ್ರಹದಲ್ಲಿ ಬಹುಪಾಲು ಇಪ್ಪತ್ತು ವರ್ಷದೊಳಗೇ ಆಗಿಹೋಗುತ್ತದೆ ಎಂದು ವೈದ್ಯರು ಹೇಳುತ್ತಾರೆ. ಆಮೇಲೆ ಆಯುಷ್ಯವಿಡೀ ನಾವು ಉಣ್ಣುವುದು ಆ ಕಣಜದಿಂದಲೇ. ಬೆಳೆಯ ಕಾಲದಲ್ಲಿ ಕಣಜ ತುಂಬಿಸದೆ ಮುಪ್ಪಿನಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿದರೆ ಏನು ಬಂದೀತು?

ಎಷ್ಟು ಆಡಬೇಕು ಎಂಬ ಅಳತೆಯಲ್ಲಿಯೂ ಹಿಂದಿನವರು ಮತ್ತು ಇಂದಿನವರು ಒಂದೇ ಕಡೆ ಬಂದು ಕೂಡುತ್ತಾರೆ. ಸುಶ್ರುತಸಂಹಿತೆ ಬಲದ ಅರ್ಧದಷ್ಟು ಮಾತ್ರ ಶ್ರಮಿಸು ಎನ್ನುತ್ತದೆ. ಹೃದಯದಲ್ಲಿರುವ ವಾಯು ಬಾಯಿಗೆ ಬಂದಾಗ ಅರ್ಧಬಲ ಮುಗಿಯಿತೆಂದು ತಿಳಿ ಎಂದು ಗುರುತನ್ನೂ ಕೊಡುತ್ತದೆ. ಇಂದಿನ ವ್ಯಾಯಾಮಶಾಸ್ತ್ರಜ್ಞರು, ಮೈ ಆಡಿಸುವಾಗ ಮಾತನಾಡಲು ಬರಬೇಕು, ಹಾಡಲು ಬರಬಾರದು, ಅದು ಮಧ್ಯಮ ಶ್ರಮದ ಲಕ್ಷಣ ಎನ್ನುತ್ತಾರೆ. ಬಾಯಿಯಿಂದ ಉಸಿರು ಹೊರಡುವ ಹೊತ್ತೂ ಹಾಡು ನಿಲ್ಲುವ ಹೊತ್ತೂ ಹೆಚ್ಚು ದೂರವಿಲ್ಲ. ಅತಿಯಾಗಿ ಶ್ರಮಿಸುವವನು ಆನೆಯನ್ನು ಎಳೆಯಹೋದ ಸಿಂಹದಂತೆ ನಾಶವಾಗುತ್ತಾನೆ ಎಂದು ವಾಗ್ಭಟರು ಎಚ್ಚರಿಸಿದ್ದಾರೆ. ಆಟದಲ್ಲಿ ಬಿಟ್ಟ ಮಕ್ಕಳು ತಾವಾಗಿಯೇ ಓಡುತ್ತಾರೆ, ದಣಿದಾಗ ನಿಲ್ಲುತ್ತಾರೆ, ನೀರು ಕುಡಿದು ಮತ್ತೆ ಓಡುತ್ತಾರೆ. ಸೀಟಿ ಊದಿ ಪದಕದ ಆಸೆ ತೋರಿಸಿ ಓಡಿಸುವ ದೊಡ್ಡವರಿಂದಲೇ ಅಳತೆ ತಪ್ಪುವುದು.

ಸ್ಕಾಟ್ಲೆಂಡ್ ದೇಶದ ಒಂದು ಪ್ರಾಥಮಿಕ ಶಾಲೆಯ ಸಂಗತಿಯನ್ನು ನಮ್ಮ ಭಕ್ತರೊಬ್ಬರು ತಿಳಿಸಿದರು. ಅದು ನಮಗೆ ಬಹಳ ಹಿಡಿಸಿತು. ಸ್ಟರ್ಲಿಂಗ್ ಎಂಬ ಊರಿನ ಸೇಂಟ್ ನಿನಿಯನ್ಸ್ ಶಾಲೆ. ಆಗ ಅಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವರು ಎಲೇನ್ ವೈಲಿ ಎಂಬಾಕೆ. ಶಾಲೆಗೆ ಬರುತ್ತಿದ್ದ ವಯಸ್ಸಾದ ಸ್ವಯಂಸೇವಕರೊಬ್ಬರು ಈ ಮಕ್ಕಳಲ್ಲಿ ಕಸುವೇ ಇಲ್ಲವಲ್ಲ ಎಂದರಂತೆ. ಆಕೆ ಮಕ್ಕಳನ್ನು ಬಯಲಿಗೆ ಕರೆದು ಓಡಿಸಿ ನೋಡಿದರು. ಮಾತು ನಿಜವೆಂದು ತಿಳಿಯಿತು. 2012ರ ಫೆಬ್ರುವರಿಯಲ್ಲಿ ಒಂದು ಪದ್ಧತಿ ಆರಂಭಿಸಿದರು: ದಿನಕ್ಕೊಮ್ಮೆ 15 ನಿಮಿಷ ತರಗತಿಯ ಎಲ್ಲ ಮಕ್ಕಳೂ ಹೊರಗೆ ಬಂದು ಶಾಲೆಯ ಬಟ್ಟೆಯಲ್ಲಿಯೇ ತಮಗೆ ಬಂದಷ್ಟು ವೇಗದಲ್ಲಿ ಓಡಬೇಕು, ಆಗದಿದ್ದರೆ ನಡೆಯಬೇಕು. ಸ್ಪರ್ಧೆಯಿಲ್ಲ, ಬಹುಮಾನವಿಲ್ಲ, ವಿಶೇಷ ಶಿಕ್ಷಕರಿಲ್ಲ, ಸಾಮಾನಿಲ್ಲ. ದಿನಕ್ಕೊಂದು ಮೈಲಿ ಎಂಬ ಅರ್ಥದಲ್ಲಿ ಅದಕ್ಕೆ ಡೈಲಿ ಮೈಲ್ ಎಂದು ಹೆಸರು. ಇಂದು ಎಷ್ಟೋ ದೇಶಗಳ ಸಾವಿರಾರು ಶಾಲೆಗಳಿಗೆ ಅದು ಹಬ್ಬಿದೆ. ಗಮನಿಸಬೇಕಾದದ್ದು 'ಎಲ್ಲ ಮಕ್ಕಳೂ' ಎಂಬ ಮಾತನ್ನು. ಕಾಲು ಊನವಾದ ಮಗುವೂ ಆ ಗುಂಪಿನಲ್ಲಿ ತನ್ನ ನಡಿಗೆ ನಡೆಯುತ್ತದೆ, ಅದನ್ನು ಮೂಲೆಯಲ್ಲಿ ಕೂರಿಸಿ ಚೀಲ ಕಾಯಲು ಹೇಳುವುದಿಲ್ಲ.

ಕಣ್ಣಿನ ವಿಷಯ ಕೇಳಿದರೆ ಇನ್ನೂ ಆಶ್ಚರ್ಯವಾಗುತ್ತದೆ. ಚೀನಾ ದೇಶದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದು ಪರೀಕ್ಷೆ ಮಾಡಿದರು. ಆರು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿರುವಂತೆ ಒಂದು ಅವಧಿ ಸೇರಿಸಿದರು; ಮಿಕ್ಕ ಆರರಲ್ಲಿ ಇದ್ದಂತೆಯೇ ಬಿಟ್ಟರು. ಮೂರು ವರ್ಷವಾದ ಮೇಲೆ ನೋಡಿದರೆ, ಬಯಲಿಗೆ ಹೋದ ಮಕ್ಕಳಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ದೂರದ್ದು ಕಾಣದ ಸಮೀಪದೃಷ್ಟಿ ದೋಷ ಹೊಸದಾಗಿ ಬಂದಿತ್ತು, ಹೋಗದ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿಗೆ. 2015ರಲ್ಲಿ ಇದು ಪ್ರಕಟವಾಯಿತು. ದೋಷವನ್ನು ಪೂರ್ತಿ ತಡೆಯಲಾಗಲಿಲ್ಲ ನಿಜ. ಆದರೆ ನೂರರಲ್ಲಿ ಒಂಬತ್ತು ಹತ್ತು ಮಕ್ಕಳ ಕಣ್ಣು ಬಯಲಿನ ಬೆಳಕಿನಿಂದ ಉಳಿಯುವುದಾದರೆ, ಆಟದ ಅವಧಿಯನ್ನು ಗಣಿತಕ್ಕೆ ಕೊಡುವಾಗ ನಾವು ಏನನ್ನು ಕೊಡುತ್ತಿದ್ದೇವೆ ಎಂದು ಒಮ್ಮೆ ಯೋಚಿಸಬೇಡವೇ?

ಆಟದ ಅವಧಿಯನ್ನು ಕಸಿಯುವುದು ಈಗ ನಮ್ಮ ಶಾಲೆಯಲ್ಲಿಯೂ ವಾಡಿಕೆಯಾಗಿದೆ. ಪಾಠ ಹಿಂದೆ ಬಿದ್ದಿದೆ, ಆಟದ ಅವಧಿ ತೆಗೆದುಕೊಳ್ಳಿ. ಗಲಾಟೆ ಮಾಡಿದರು, ಇವತ್ತು ಆಟವಿಲ್ಲ. ಇದರ ಜೊತೆಗೆ ಇನ್ನೊಂದು ವಿಪರೀತ. ಮನೆಗೆಲಸ ಬರೆಯದಿದ್ದರೆ ಬಸ್ಕಿ ಹೊಡಿ, ತಡವಾಗಿ ಬಂದರೆ ಬಯಲು ಮೂರು ಸುತ್ತು ಓಡು. ಮಕ್ಕಳಿಗೆ ದೈಹಿಕ ದಂಡನೆ ಕೂಡದೆಂದು 2009ರ ಶಿಕ್ಷಣದ ಹಕ್ಕಿನ ಕಾಯಿದೆಯೇ ಹೇಳುತ್ತದೆ, ಅದು ಹಾಗಿರಲಿ. ಓಟವನ್ನು ಶಿಕ್ಷೆಯಾಗಿ ಕಂಡ ಮಗು ದೊಡ್ಡದಾದ ಮೇಲೆ ತಾನಾಗಿ ಓಡೀತೇ? ತಪ್ಪು ಮಾಡಿದವನಿಗೆ ಲಿಂಗಪೂಜೆಯನ್ನು ದಂಡವಾಗಿ ವಿಧಿಸಿದರೆ ಅವನು ಭಕ್ತನಾದಾನೇ?

ಆ ಕಾಯಿದೆಯ ಅನುಸೂಚಿಯಲ್ಲಿ ಪ್ರತಿಯೊಂದು ಶಾಲೆಗೂ ಆಟದ ಬಯಲು ಇರಬೇಕು, ಆಟದ ಸಾಮಾನು ಕೊಡಬೇಕು ಎಂದಿದೆ. ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಹೇಳಿರುವುದು 6ರಿಂದ 8ನೆಯ ತರಗತಿಗಳಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿ. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಅಂಥ ಬೋಧಕರು ಕಾಯಿದೆಯಲ್ಲಿ ಇಲ್ಲ. ನೆಲಕ್ಕೆ ಕಾಲು ನಿಲ್ಲದೆ ಕುಣಿಯುವ ವಯಸ್ಸಿನವರಿಗೇ ಬೋಧಕರಿಲ್ಲದಿರುವುದು ನಮಗೆ ಸರಿಯೆನಿಸುವುದಿಲ್ಲ. ಹಿಂದೆ ಊರ ಶಾಲೆಗಳಲ್ಲಿ ಅಂಗಸಾಧನೆಯ ಮಾಸ್ತರರು ಎಂದರೆ ಖಾಕಿ ಚಡ್ಡಿ, ಕೊರಳಲ್ಲಿ ಸೀಟಿ, ಲೇಜಿಮು ಡಂಬೆಲ್ಸುಗಳ ಶಬ್ದ. ಅವರು ದೊಡ್ಡ ತರಗತಿಗಳನ್ನು ನೋಡಿಕೊಳ್ಳುತ್ತಿದ್ದರು. ಚಿಕ್ಕವರನ್ನು ಕೇರಿಯೇ ಆಡಿಸುತ್ತಿತ್ತು. ಚಿನ್ನಿದಾಂಡು, ಬುಗುರಿ, ಕಣ್ಣಾಮುಚ್ಚಾಲೆ ಕಲಿಸಿದ ಮಾಸ್ತರರು ಯಾರು? ತನಗಿಂತ ಎರಡು ವರ್ಷ ದೊಡ್ಡ ಹುಡುಗ. ಈಗ ಕೇರಿಯಲ್ಲಿ ಬೈಕುಗಳು ಓಡುತ್ತವೆ, ಕಣಗಳು ಇಲ್ಲವಾದುವು, ಎರಡು ಮೈಲಿ ನಡೆದು ಬರುತ್ತಿದ್ದ ಮಕ್ಕಳನ್ನು ವ್ಯಾನು ಮನೆಯ ಬಾಗಿಲಿನಿಂದ ಶಾಲೆಯ ಬಾಗಿಲಿಗೆ ತಂದಿಳಿಸುತ್ತದೆ, ಸಂಜೆ ಕೈಯಲ್ಲಿ ಮೊಬೈಲು. ಕೇರಿ ಬಿಟ್ಟುಕೊಟ್ಟ ಕೆಲಸವನ್ನು ಶಾಲೆಯೇ ಮಾಡಬೇಕಾಗಿದೆ. ತರಗತಿಯ ಶಿಕ್ಷಕಿಯರೇ ಸೆರಗು ಸಿಕ್ಕಿಸಿ ಬಯಲಿಗಿಳಿಯಬೇಕು. ನಗಬೇಡಿ ತಾಯಂದಿರೇ, ನೀವೂ ಕುಂಟಾಬಿಲ್ಲೆ ಆಡಿದವರೇ.

ತಾಯಂದಿರಿಗೆ ಇನ್ನೊಂದು ಮಾತು. ನಾಲ್ಕನೆಯ ತರಗತಿ ದಾಟುತ್ತಿದ್ದಂತೆ ಹೆಣ್ಣುಮಗುವಿಗೆ, ಇನ್ನು ಓಡಬೇಡ, ಕುಣಿಯಬೇಡ, ಗಂಡುಬೀರಿ ಎನ್ನುತ್ತಾರೆ ಎಂದು ಹೇಳುವವರು ಯಾರು? ಹೆಚ್ಚಾಗಿ ಅಜ್ಜಿ, ಆಮೇಲೆ ತಾಯಿ. ಜಗತ್ತಿನ 11ರಿಂದ 17 ವರ್ಷದವರನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಯವರು ತೆಗೆದ 2016ರ ಲೆಕ್ಕದಲ್ಲಿ, ಸಾಕಷ್ಟು ಮೈ ಆಡಿಸದವರು ಗಂಡುಮಕ್ಕಳಲ್ಲಿ ನೂರಕ್ಕೆ 78, ಹೆಣ್ಣುಮಕ್ಕಳಲ್ಲಿ 85. ಗಂಡುಮಕ್ಕಳ ಸ್ಥಿತಿಯೂ ಹೊಗಳುವಂಥದಲ್ಲ. ಆದರೆ ನಾಳೆ ಹೆರಬೇಕಾದವಳು, ಹೊಲದಲ್ಲಿ ಬಾಗಬೇಕಾದವಳು, ಮುಪ್ಪಿನಲ್ಲಿ ಮೂಳೆ ಸವೆತಕ್ಕೆ ಹೆಚ್ಚು ಗುರಿಯಾಗುವವಳು ಹೆಣ್ಣು. ಅವಳ ಕಣಜವನ್ನೇ ಅರ್ಧಕ್ಕೆ ನಿಲ್ಲಿಸಿಬಿಟ್ಟರೆ ಹೇಗೆ? ಹನ್ನೆರಡನೆಯ ಶತಮಾನದಲ್ಲಿ ಹೆಣ್ಣಿಗೆ ಅನುಭವಮಂಟಪದ ಬಾಗಿಲು ತೆರೆದ ಪರಂಪರೆ ನಮ್ಮದೆಂದು ಭಾಷಣ ಮಾಡಿ, ಆಟದ ಬಯಲಿನ ಬಾಗಿಲು ಹಾಕುವುದು ತರವಲ್ಲ.

ಆ ಶರಣರ ಬಾಳನ್ನೇ ನೋಡಿರಿ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದರು. ಮೋಳಿಗೆ ಮಾರಯ್ಯನವರು ಕಟ್ಟಿಗೆ ಹೊತ್ತರು. ಕಾಯವನ್ನು ದುಡಿಸಿದ್ದರಿಂದಲೇ ಅದು ಕಾಯಕ. ದೇಹವನ್ನು ತಿರಸ್ಕರಿಸಿ ದೇವರನ್ನು ಹುಡುಕಿದವರು ಅವರಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಅದೇ ಶತಮಾನದ ಪೂರ್ವಾರ್ಧದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲರ ಆಹಾರ, ಸಾಧನೆ, ಕುಸ್ತಿಗಳನ್ನು ವಿವರಿಸುವ ಭಾಗವೇ ಇದೆ. ನಮ್ಮ ನಾಡಿಗೆ ಅಂಗಸಾಧನೆ ಹೊರಗಿನಿಂದ ಬಂದ ಸರಕಲ್ಲ. ಅರಸರ ಮಲ್ಲರು ಬೇರೆ, ನಮ್ಮ ಮಕ್ಕಳು ಬೇರೆ, ನಿಜ. ನಮಗೆ ಇಲ್ಲಿ ಮಲ್ಲರು ಬೇಕಾಗಿಲ್ಲ. ಮುನ್ನೂರು ಮಕ್ಕಳೂ ದಿನಾಲು ಮೈ ಬೆವರಿ ಮನೆಗೆ ಹೋದರೆ ಸಾಕು.

ಮೊನ್ನೆ ಒಬ್ಬ ತಂದೆ ಬಂದು, ಬುದ್ಧಿ, ಮನೆಯಲ್ಲಿ ಆಡುತ್ತಾನೆಂದೇ ಶಾಲೆಗೆ ಕಳಿಸುತ್ತೇವೆ, ಇಲ್ಲಿಯೂ ಆಡಿಸುವುದಾದರೆ ಫೀಜು ಯಾಕೆ ಕೊಡಬೇಕು ಎಂದರು. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಸಾಲ ಮಾಡಿ ಓದಿಸುವವನಿಗೆ ಆಟ ಸೋಮಾರಿತನದಂತೆ ಕಾಣುತ್ತದೆ. ನಾವು ಅವರನ್ನು ಒಂದು ಕೇಳಿದೆವು: ಮನೆಯಲ್ಲಿ ಆಡುತ್ತಾನೆ ಎಂದಿರಲ್ಲ, ಏನು ಆಡುತ್ತಾನೆ? ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಬೈಲಿನಲ್ಲಿ ಬುದ್ಧಿ ಎಂದರು. ಅವರು ಇಲ್ಲಿಯೇ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ.

ಆದುದರಿಂದ ಶ್ರೀಮಠದ ಕಡೆಯಿಂದ ಈ ಹೊತ್ತು ಕೆಲವು ಅಪ್ಪಣೆಗಳಿವೆ. ಕಲ್ಯಾಣಮಂಟಪ ಈ ಬಯಲಿನಲ್ಲಿ ಆಗುವುದಿಲ್ಲ. ದಾನ ಕೊಟ್ಟ ಭಕ್ತರು ಬೇಸರಿಸಬಾರದು. ಕೆರೆಯ ಕೆಳಗಿನ ಶ್ರೀಮಠದ ಹೊಲದಲ್ಲಿ ಜಾಗ ಕೊಡುತ್ತೇವೆ. ಹಾಗೆ ಮಾಡಿದರೆ ರಸ್ತೆಗೆ ದೂರವಾಗುತ್ತದೆಂದು ಕಾರ್ಯದರ್ಶಿಗಳು ನಿನ್ನೆ ವಾದ ಮಾಡಿದರು. ಮದುವೆಗೆ ಬಂದವರು ಅಷ್ಟು ದೂರ ನಡೆಯಲಿ, ಅವರಿಗೂ ಒಳ್ಳೆಯದೇ. ಬರುವ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಬುಟ್ಟಿ ಸಲಿಕೆ ತೆಗೆದುಕೊಂಡು ಭಕ್ತರೆಲ್ಲ ಬರಬೇಕು. ಜಲ್ಲಿಯನ್ನು ಹೊರಬೇಕು. ಮೊದಲ ಬುಟ್ಟಿ ನಮ್ಮದು. ಮರಿದೇವರುಗಳೂ ಬರುತ್ತಾರೆ. ನೆಲ ಸಮಮಾಡಿದ ಮೇಲೆ ಸುತ್ತ ಬೇವಿನ ಸಸಿ ಹಚ್ಚುವುದು; ಹರಳು ಆರಿಸುವ ಕೆಲಸ ಮಕ್ಕಳದು.

ಜೂನ್ ತಿಂಗಳಿನಿಂದ ಒಂದರಿಂದ ಐದನೆಯ ತರಗತಿಯವರೆಗೆ ದಿನಕ್ಕೊಂದು ಆಟದ ಅವಧಿ ಇರುತ್ತದೆ. ಅದನ್ನು ಬೇರೆ ಪಾಠಕ್ಕೆ ತೆಗೆದುಕೊಳ್ಳಬೇಕಾದರೆ ನಮ್ಮ ಒಪ್ಪಿಗೆ ಬೇಕು. ಆ ಒಪ್ಪಿಗೆ ಸಿಗುವುದಿಲ್ಲ ಎಂದು ಈಗಲೇ ತಿಳಿಸುತ್ತೇವೆ. ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲಿ ಆಡಿಸಬೇಕು, ಹತ್ತಿರವೇ ಕುಡಿಯುವ ನೀರು ಇರಬೇಕು. ಹಾಗೆಯೇ ಮರಿದೇವರುಗಳ ಪಾಠಶಾಲೆಯಲ್ಲಿಯೂ ಸಂಜೆ ಒಂದು ಗಂಟೆ ಪುಸ್ತಕ ಮುಚ್ಚಬೇಕು. ಅವರೂ ಮಕ್ಕಳೇ. ಕಾವಿ ಬಟ್ಟೆ ಉಟ್ಟ ಮಾತ್ರಕ್ಕೆ ಹನ್ನೊಂದು ವರ್ಷದ ಹುಡುಗನ ಕಾಲು ಅರವತ್ತರದಾಗುವುದಿಲ್ಲ. ಪಾಠಶಾಲೆಯ ಹಿಂದೆ ಹುಣಸೆಮರವಿದೆ. ಏರುವುದಾದರೆ ಗಟ್ಟಿ ಕೊಂಬೆ ನೋಡಿ ಏರಲಿ. ಏರಿದವರನ್ನು ಯಾರೂ ಹೊಡೆಯಕೂಡದು.

ಮುಂದಿನ ವರ್ಷದ ಕ್ರೀಡೋತ್ಸವದಲ್ಲಿ ಕೂರುವವರು ನಾವು, ನೀವು. ಮಕ್ಕಳಲ್ಲಿ ಯಾರೂ ಕೂರುವಂತಿಲ್ಲ. ಅದನ್ನು ಹೇಗೆ ಹೊಂದಿಸುವುದೆಂದು ಶಿಕ್ಷಕರು ಈಗಿನಿಂದಲೇ ಯೋಚಿಸಲಿ.

ಬಿಸಿಲು ಇಳಿದಿದೆ. ದಾಸೋಹದಲ್ಲಿ ಪ್ರಸಾದ ಸಿದ್ಧವಾಗಲು ಇನ್ನೂ ಮುಕ್ಕಾಲು ಗಂಟೆ ಇದೆಯಂತೆ. ಮಕ್ಕಳೇ, ಬೆಳಿಗ್ಗೆಯಿಂದ ಕುಳಿತು ಕುಳಿತು ನಿಮ್ಮ ಕಾಲು ಜೋಮು ಹಿಡಿದಿರಬೇಕು. ಜಲ್ಲಿಯ ಕಡೆ ಹೋಗಬೇಡಿ, ಪಡುವಲ ಕಡೆಯ ಅರ್ಧ ಬಯಲು ನಿಮ್ಮದು. ಮಾಸ್ತರರ ಹತ್ತಿರ ಚೆಂಡುಗಳಿವೆ, ಲಗೋರಿ ಬಿಲ್ಲೆಗಳಿವೆ. ಇನ್ನು ಏಳಿರಿ.